ಡಿಕ್ಕಿಯಲ್ಲಿ ಕೋವಿ, ದಾರಿಯಲ್ಲಿ ಪೊಲೀಸ್

ಪ್ರಶ್ನೆ: ನಮ್ಮ ಮನೆ ಹೊಸಂಗಡಿ ಹತ್ತಿರ. ಅಪ್ಪಯ್ಯನ ಹೆಸರಿನಲ್ಲಿ ಬೆಳೆ ರಕ್ಷಣೆಯ ಒಂಟಿ ನಳಿಕೆ ಕೋವಿ ಇದೆ. ಅವರಿಗೆ 74 ವರ್ಷ, ಕಾರಿನಲ್ಲಿ ದೂರ ಕೂರಲು ಆಗುವುದಿಲ್ಲ. ಕೋವಿಯ ಕುದುರೆ ಸಡಿಲವಾಗಿದೆ, ಲೈಸೆನ್ಸಿನ ಅವಧಿಯೂ ಮುಗಿಯುತ್ತ ಬಂದಿದೆ. ರಿಪೇರಿಗೂ ನವೀಕರಣಕ್ಕೂ ಅದನ್ನು ನಾನೇ ಒಯ್ಯಬೇಕು. ದಾರಿಯಲ್ಲಿ ಪೊಲೀಸರು ಗಾಡಿ ತಡೆದರೆ ಏನು ಮಾಡಬೇಕು? ಬಟ್ಟೆ ಸುತ್ತಿ ಡಿಕ್ಕಿಯಲ್ಲಿ ಇಟ್ಟರೆ ಬಚ್ಚಿಟ್ಟ ಹಾಗೆ ಆಗುತ್ತದೋ? ಅಮೆರಿಕದಲ್ಲಿರುವ ನಮ್ಮ ಭಾವ, ಪೊಲೀಸ್ ಹತ್ತಿರ ಬಂದ ಕೂಡಲೇ ನಾವಾಗಿಯೇ ಹೇಳಿಬಿಡಬೇಕು ಅನ್ನುತ್ತಾರೆ. ಇಲ್ಲಿಯೂ ಹಾಗೆಯೋ?
ಓದುಗರೊಬ್ಬರು, ಕುಂದಾಪುರ ತಾಲೂಕು

ಉತ್ತರ: ಬಟ್ಟೆ ಸುತ್ತುವ ವಿಚಾರದಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮ ಭಯ ಇರುವುದು ಅಲ್ಲಿ. ನಮ್ಮ ಕಾನೂನಿನಲ್ಲಿ ಕೋವಿಯನ್ನು ಮುಚ್ಚಿ ಒಯ್ಯುವುದು ತಪ್ಪಲ್ಲ. ಮುಚ್ಚದೆ ಒಯ್ಯುವುದೇ ತಪ್ಪು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿಯೂ ಇರಬೇಕು. ಹೆಗಲ ಮೇಲೆ ಕೋವಿ ಇಟ್ಟುಕೊಂಡು ಪೇಟೆಯಲ್ಲಿ ಓಡಾಡುವುದು ಹಳೆಯ ಫೋಟೋಗಳಲ್ಲಿ ಚಂದ, ಈಗ ಅದೇ ಲೈಸೆನ್ಸ್ ಕಳೆದುಕೊಳ್ಳುವ ದಾರಿ. ಆದ್ದರಿಂದ ಹಳೆ ಲುಂಗಿಯ ಬದಲು ಒಂದು ಕೋವಿ ಚೀಲ ಕೊಂಡುಕೊಳ್ಳಿ. ಅಡಿಕೆ ಮೂಟೆಯ ಅಡಿಗೆ, ಸೀಟಿನ ಕೆಳಗೆ, ಸ್ಟೆಪ್ನಿಯ ಗುಂಡಿಗೆ ತುರುಕಬೇಡಿ. ಮುಚ್ಚಿದ್ದು ಬೇರೆ, ಅಡಗಿಸಿದ್ದು ಬೇರೆ ಎಂಬುದು ಪೇದೆಗೂ ಗೊತ್ತು, ನ್ಯಾಯಾಧೀಶರಿಗೂ ಗೊತ್ತು. ಶಸ್ತ್ರಾಸ್ತ್ರ ಕಾಯ್ದೆಯ 20ನೇ ಸೆಕ್ಷನ್, ಸಂಶಯ ಬರುವ ರೀತಿಯಲ್ಲಿ ಆಯುಧ ಸಾಗಿಸುವವರನ್ನು ವಾರಂಟ್ ಇಲ್ಲದೆ ಹಿಡಿಯಬಹುದು ಎನ್ನುತ್ತದೆ. ಲೈಸೆನ್ಸ್ ಇದ್ದರೂ ಮೂಟೆಯಡಿಯಿಂದ ಕೋವಿ ಹೊರಬಂದರೆ ಆ ಸಂಶಯಕ್ಕೆ ನೀವೇ ಎಡೆ ಮಾಡಿಕೊಟ್ಟ ಹಾಗೆ.

ಈಗ ನಿಮ್ಮ ನಿಜವಾದ ತೊಡಕು. ಅದು ಪೊಲೀಸರದ್ದಲ್ಲ, ಲೈಸೆನ್ಸ್ ನಿಮ್ಮದಲ್ಲ ಎನ್ನುವುದು. ಅಪ್ಪಯ್ಯನ ಕೋವಿ ಮನೆಯ ಕೋವಿ ಎಂದೇ ನಮ್ಮ ಕಡೆ ಎಲ್ಲರ ಲೆಕ್ಕ. ಕಾನೂನಿಗೆ ಆ ಲೆಕ್ಕ ಇಲ್ಲ. ಯಾರ ಹೆಸರಿನಲ್ಲಿ ಲೈಸೆನ್ಸ್ ಪುಸ್ತಕವೋ ಕೋವಿ ಅವರ ಕೈಯಲ್ಲಿಯೇ ಇರಬೇಕು. ಲೈಸೆನ್ಸ್ ಇಲ್ಲದವನ ಕೈಯಲ್ಲಿ ಸಿಕ್ಕಿದರೆ 25ನೇ ಸೆಕ್ಷನ್: 2019ರ ತಿದ್ದುಪಡಿಯ ನಂತರ ಕಡಿಮೆಯೆಂದರೆ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು, ಜೊತೆಗೆ ದಂಡ. ಹಾಗೆಂದು ಹೆದರಬೇಡಿ, ನಿಮ್ಮಂಥವರಿಗೆಂದೇ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಒಂದು ರಿಯಾಯಿತಿ ಇದೆ. ಲೈಸೆನ್ಸುದಾರರು ಜೊತೆಯಲ್ಲಿದ್ದರೆ, ಅಥವಾ ಅವರು ಲಿಖಿತವಾಗಿ ಅಧಿಕಾರ ಕೊಟ್ಟಿದ್ದರೆ, ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಅಥವಾ ಆ ಲೈಸೆನ್ಸುದಾರರೇ ಬಳಸುವುದಕ್ಕೆ ಬೇರೆಯವರು ಕೋವಿ ಒಯ್ಯಬಹುದು. ಈ ರಿಯಾಯಿತಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಕೆಲವರು ಹಾಸಿಗೆ ಹಿಡಿದ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗುತ್ತಾರೆ. ಇನ್ನು ಕೆಲವರು ಏನೂ ಇಲ್ಲದೆ ಹೊರಟುಬಿಡುತ್ತಾರೆ.

ಹೊರಡುವ ಮೊದಲು ಅಪ್ಪಯ್ಯನಿಂದ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಅವರ ಹೆಸರು, ಲೈಸೆನ್ಸ್ ಸಂಖ್ಯೆ, ಅದರ ಜೊತೆಗಿರುವ ವಿಶಿಷ್ಟ ಗುರುತಿನ ಸಂಖ್ಯೆ (ಯುಐಎನ್), ಕೋವಿಯ ನಂಬರು, ನಿಮ್ಮ ಹೆಸರು, ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ, ಯಾವ ತಾರೀಖು, ಕೆಳಗೆ ಸಹಿ. ಕಾಯ್ದೆ ಬರಹವನ್ನಷ್ಟೇ ಕೇಳುತ್ತದೆ, ಛಾಪಾ ಕಾಗದ ಬೇಕೆಂದು ಹೇಳುವುದಿಲ್ಲ. ಕೆಲಸದ ಕಾಲಂ ಮಾತ್ರ ಖಾಲಿ ಬಿಡಬೇಡಿ. 'ನನ್ನ ಮಗ ಕೋವಿ ಒಯ್ಯಬಹುದು' ಎಂದಷ್ಟೇ ಇದ್ದರೆ ಅದು ಅಧಿಕಾರ ಪತ್ರವಲ್ಲ, ಆಶೀರ್ವಾದ ಪತ್ರ. ಲೈಸೆನ್ಸ್ ಪುಸ್ತಕದ ಅಸಲು ಪ್ರತಿ ನಿಮ್ಮ ಜೊತೆ ಇರಲಿ, ಮೊಬೈಲಿನ ಫೋಟೋ ಸಾಲದು. ಡ್ರೈವಿಂಗ್ ಲೈಸೆನ್ಸನ್ನು ಡಿಜಿಲಾಕರಿನಲ್ಲಿ ತೋರಿಸಿ ಅಭ್ಯಾಸವಾದವರಿಗೆ ಇದೂ ನಡೆಯುತ್ತದೆ ಎನಿಸುತ್ತದೆ, ಹಾಗೆ ಎಣಿಸಬೇಡಿ. ರಿಪೇರಿಗೆ ಹೋಗುವ ಕೋವಿಗೆ ತೋಟೆಯ ಅಗತ್ಯವೇ ಇಲ್ಲ, ಅವನ್ನು ಮನೆಯಲ್ಲಿ ಬೀಗ ಹಾಕಿ ಇಟ್ಟು ಬನ್ನಿ. ನಳಿಕೆ ತೆರೆದು ಖಾಲಿ ಇದೆಯೇ ಎಂದು ಅಪ್ಪಯ್ಯನ ಎದುರೇ ನೋಡಿ. ಪುಸ್ತಕದಲ್ಲಿ ಪ್ರದೇಶದ ಕಾಲಂ ಒಂದಿರುತ್ತದೆ, ಅದನ್ನೂ ಓದಿ. ಬೆಳೆ ರಕ್ಷಣೆಯ ಲೈಸೆನ್ಸು ಇಂಥ ಊರು, ಇಂಥ ಜಮೀನು ಎಂದು ಸೀಮಿತವಾಗಿ ಇರುವುದುಂಟು. ಹಾಗಿದ್ದರೆ ಹೊರಡುವ ಮೊದಲು ನಿಮ್ಮ ಠಾಣೆಗೆ, ಅಮಾಸೆಬೈಲೋ ಶಂಕರನಾರಾಯಣವೋ, ಒಂದು ಅರ್ಜಿ ಕೊಟ್ಟು ಸ್ವೀಕೃತಿ ಮಾಡಿಸಿಕೊಂಡರೆ ಮುಂದಿನ ಪ್ರತಿ ನಾಕಾದಲ್ಲಿ ನಿಮ್ಮ ಮಾತು ಅರ್ಧಕ್ಕರ್ಧ ಉಳಿಯುತ್ತದೆ.

ಇನ್ನು ದಾರಿ. ಸಿದ್ದಾಪುರ, ಅಂಪಾರು, ಕಂಡ್ಲೂರು, ಬಸ್ರೂರು ಮೂರುಕೈ ದಾಟಿ ಶಾಸ್ತ್ರಿ ಸರ್ಕಲ್ ಮುಟ್ಟುವುದರೊಳಗೆ ಎಲ್ಲಿಯಾದರೂ ಕೈ ಅಡ್ಡ ಬರಬಹುದು. ಹೆಲ್ಮೆಟ್, ಸೀಟ್ ಬೆಲ್ಟ್, ಇನ್ಶೂರೆನ್ಸ್ ನೋಡಲು ತಡೆಯುವುದು ಮೋಟಾರು ವಾಹನ ಕಾಯ್ದೆಯ ಕೆಳಗೆ. ಅದಕ್ಕೆ ಸಮವಸ್ತ್ರದಲ್ಲಿರುವ ಪೊಲೀಸರೇ ಕೇಳಬೇಕು. ಶಸ್ತ್ರಾಸ್ತ್ರ ಕಾಯ್ದೆ ಇದಕ್ಕಿಂತ ಉದ್ದ ಕೈಯದು. ಆಯುಧ ಒಯ್ಯುತ್ತಿರುವ ಯಾರನ್ನೇ ಆಗಲಿ ಯಾವ ಪೊಲೀಸ್ ಅಧಿಕಾರಿಯೂ ಲೈಸೆನ್ಸ್ ತೋರಿಸು ಎನ್ನಬಹುದು, ಇದು 19ನೇ ಸೆಕ್ಷನ್. ಕಾಯ್ದೆಯ ಉಲ್ಲಂಘನೆ ಆಗುತ್ತಿದೆಯೋ ಎಂದು ತಿಳಿಯಲು ಯಾವ ಗಾಡಿಯನ್ನೂ ನಿಲ್ಲಿಸಿ ಹುಡುಕಬಹುದು, ಇದು 23ನೇ ಸೆಕ್ಷನ್. 'ಡಿಕ್ಕಿ ತೆರೆಯಲು ವಾರಂಟ್ ಎಲ್ಲಿ' ಎಂಬ ಪ್ರಶ್ನೆ ಸಿನಿಮಾದಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ, ಇಲ್ಲಿ ಅದಕ್ಕೆ ಬೆಲೆ ಇಲ್ಲ.

ನೀವಾಗಿಯೇ ಹೇಳಬೇಕೋ? ಕಾಯ್ದೆಯಲ್ಲಿ ಹಾಗೊಂದು ಕಡ್ಡಾಯ ಇಲ್ಲ. ಕೇಳಿದಾಗ ತೋರಿಸಬೇಕು ಎಂದಷ್ಟೇ ಇದೆ. ಬರೀ ಹೊಗೆ ಪ್ರಮಾಣಪತ್ರ ನೋಡಿ ಹೋಗಿ ಎಂದರೆ ಹೋಗಬಹುದು. ಆದರೆ 'ಗಾಡಿಯಲ್ಲಿ ಎಂತ ಇದೆ, ಡಿಕ್ಕಿ ತೆಗೆಯಿರಿ' ಎಂದ ಮೇಲೆ ಡಿಕ್ಕಿ ತೆರೆಯುವ ಮೊದಲೇ ಹೇಳಿ: 'ಅಪ್ಪಯ್ಯನ ಲೈಸೆನ್ಸಿನ ಕೋವಿ ಇದೆ ಸಾರ್, ಖಾಲಿ ಇದೆ, ರಿಪೇರಿಗೆ ಒಯ್ಯುತ್ತಿದ್ದೇನೆ, ಕಾಗದ ಇಲ್ಲಿದೆ.' ಕಾಗದ ಮೊದಲು, ಕೋವಿ ಆಮೇಲೆ. ಕೋವಿಯನ್ನು ನೀವು ಎತ್ತಿ ಕೊಡಬೇಡಿ, ಅವರೇ ಎತ್ತಿಕೊಳ್ಳಲಿ. ಕಾಗದ ಸರಿ ಕಾಣದಿದ್ದರೆ ಅವರು ನಿಮ್ಮ ಹೆಸರು, ವಿಳಾಸ ಕೇಳಬಹುದು, ಬೇಕೆನಿಸಿದರೆ ಕೋವಿಯನ್ನು ವಶಕ್ಕೂ ಪಡೆಯಬಹುದು. ಹೆಸರು ಹೇಳದಿದ್ದರೆ, ಸುಳ್ಳು ಹೇಳಿದರೆ, ಓಡುವ ಲಕ್ಷಣ ಕಂಡರೆ ಮಾತ್ರ ಈ 19ನೇ ಸೆಕ್ಷನ್ ಬಂಧನಕ್ಕೆ ಅವಕಾಶ ಕೊಡುತ್ತದೆ. ವಶಪಡಿಸಿಕೊಂಡರೆ ಜಗಳ ಬೇಡ, ಪಟ್ಟಿ ಕೇಳಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕು ಎನ್ನುತ್ತದೆ. ಅದು ನಿಮ್ಮ ರಕ್ಷಣೆಗೂ ಹೌದು.

ನಿಮ್ಮ ಭಾವ ಹೇಳುವುದು ಅವರು ಇರುವ ರಾಜ್ಯಕ್ಕೆ ಸರಿ ಇರಬಹುದು. ಅಮೆರಿಕದಲ್ಲಿ ಇದು ರಾಜ್ಯಕ್ಕೊಂದು ತರ. ಮಿಷಿಗನ್ನಿನಲ್ಲಿ ಪೊಲೀಸರು ಗಾಡಿ ತಡೆದ ಕೂಡಲೇ, ನನ್ನ ಬಳಿ ಬಂದೂಕಿದೆ ಎಂದು ಚಾಲಕನೇ ಹೇಳಬೇಕು. ಮಿನೆಸೋಟದಲ್ಲಿ ಕೇಳಿದರೆ ಹೇಳಿದರೆ ಸಾಕು. ಆ ಮಿನೆಸೋಟದಲ್ಲಿಯೇ 2016ರ ಜುಲೈ 6ರಂದು ಫಿಲಾಂಡೊ ಕ್ಯಾಸ್ಟೀಲ್ ಎಂಬ, ಶಾಲೆಯ ಊಟದ ಮನೆಯಲ್ಲಿ ಕೆಲಸ ಮಾಡುತ್ತಿದ್ದ 32 ವರ್ಷದ ಕಪ್ಪು ಜನಾಂಗದ ಯುವಕನ ಕಾರನ್ನು ತಡೆದರು. ಆತನಲ್ಲಿ ಪರವಾನಗಿ ಇತ್ತು. ಕೇಳುವ ಮೊದಲೇ, ನನ್ನ ಬಳಿ ಬಂದೂಕಿದೆ ಎಂದು ಶಾಂತವಾಗಿ ಹೇಳಿದ. ಕೆಲವೇ ಕ್ಷಣಗಳಲ್ಲಿ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದ. ಕ್ಯಾಸ್ಟೀಲ್ ಸತ್ತ, ಮರುವರ್ಷ ಆ ಅಧಿಕಾರಿ ಖುಲಾಸೆಯಾದ. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು, ಅಲುಗದೆ ಕೂತು ಮಾತಾಡಿ ಎಂದು ಅಲ್ಲಿಯ ನಮ್ಮವರು ಮಕ್ಕಳಿಗೆ ಕಲಿಸುವುದರ ಹಿಂದೆ ಇಂಥ ಘಟನೆಗಳಿವೆ. ಅಲ್ಲಿ ಪೊಲೀಸರ ಮೊದಲ ಯೋಚನೆ ಈತ ನನಗೆ ಗುಂಡು ಹೊಡೆಯುತ್ತಾನೋ ಎಂಬುದು. ಹಾಲಾಡಿಯಲ್ಲೋ ಕೊಲ್ಲೂರಿನಲ್ಲೋ ರಾತ್ರಿ ಗಾಡಿ ತಡೆಯುವವರ ಮೊದಲ ಯೋಚನೆ ಅದಲ್ಲ. ಈತ ಬೇಟೆಗೆ ಹೊರಟವನೋ, ಕದ್ದ ಕೋವಿಯೋ, ಯಾರಿಗೆ ತಲುಪಿಸಲಿಕ್ಕೋ ಎಂಬುದು. ಹಾಗಾಗಿ ನಮಗಿರುವ ಅಪಾಯ ಗುಂಡಿನದ್ದಲ್ಲ, ಕೇಸಿನದ್ದು. ತಯಾರಿಯೂ ಅದಕ್ಕೆ ತಕ್ಕಂತೆ ಇರಲಿ. ಅಲ್ಲಿಯವರಿಗೆ ಕೈ ಎಲ್ಲಿದೆ ಎನ್ನುವುದು ಮುಖ್ಯ, ಇಲ್ಲಿ ಕಾಗದ ಎಲ್ಲಿದೆ ಎನ್ನುವುದು.

ನಿಮ್ಮ ಕಡೆ ಈ ಸಂಶಯಕ್ಕೆ ಇನ್ನೊಂದು ಪದರ ಇತ್ತು. 2005ರಲ್ಲಿ ನಕ್ಸಲ್ ನಿಗ್ರಹ ದಳ ಹುಟ್ಟಿ ಕಾರ್ಕಳದಲ್ಲಿ ಕೇಂದ್ರ ಮಾಡಿಕೊಂಡಿತು. ಅದೇ ವರ್ಷ ದೇವರಬಾಳಿನಲ್ಲಿ ಎನ್‌ಕೌಂಟರ್ ಆಯಿತು. ಅಲ್ಲಿಂದ ಸುಮಾರು ಎರಡು ದಶಕ ಅಮಾಸೆಬೈಲು, ಹೊಸಂಗಡಿ, ಹೆಬ್ರಿ ಕಡೆಯ ರೈತರಿಗೆ ಕೋವಿ ಎಂದರೆ ಮಂಗ ಓಡಿಸುವ ಸಾಧನ ಮಾತ್ರ ಆಗಿರಲಿಲ್ಲ, ಪೊಲೀಸರಿಗೂ ನಕ್ಸಲರಿಗೂ ಉತ್ತರ ಹೇಳಬೇಕಾದ ವಸ್ತುವಾಗಿತ್ತು. 2024ರ ನವೆಂಬರ್ 18ರಂದು ಹೆಬ್ರಿ ತಾಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾದ. 2025ರ ಫೆಬ್ರವರಿ 2ರಂದು ನಕ್ಸಲರ ಜೊತೆಗಿದ್ದ, ನಿಮ್ಮದೇ ತಾಲೂಕಿನ ತೊಂಬಟ್ಟಿನ ಲಕ್ಷ್ಮಿ ಉಡುಪಿಯಲ್ಲಿ ಶರಣಾದರು. ಆ ಅಧ್ಯಾಯ ಮುಗಿದ ಹಾಗೆ ಕಾಣುತ್ತದೆ. ಆದರೆ ಘಟ್ಟದ ಬುಡದಲ್ಲಿ ಗಾಡಿ ತಡೆದು ಟಾರ್ಚ್ ಬಿಡುವ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಹೋಗಲಿ ಎಂದು ನಾನೂ ಹೇಳುವುದಿಲ್ಲ.

ಪೊಲೀಸರಿಗಿಂತ ಹೆಚ್ಚಾಗಿ ನೀವು ಯೋಚಿಸಬೇಕಾದ್ದು ಅರಣ್ಯ ಇಲಾಖೆಯನ್ನು. ಈ ಭಾಗ ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕುಂದಾಪುರ ಮತ್ತು ಬೈಂದೂರು ತಾಲೂಕುಗಳ ಪೂರ್ವದ ಕಾಡಿನ ದೊಡ್ಡ ಪಾಲು 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಜೀವಿಧಾಮ. 2011ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿದರು. ದಕ್ಷಿಣಕ್ಕೆ ಸೋಮೇಶ್ವರ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದ ನಡುವಿನ ಸಾರ್ವಜನಿಕ ರಸ್ತೆಯಲ್ಲಿ ಹೋಗುವವರಿಗೆ ಅಡ್ಡಿ ಮಾಡುವುದಿಲ್ಲ. ಕೊಲ್ಲೂರಿಗೆ ಹೋಗುವ ಭಕ್ತರು ಯಾರನ್ನೂ ಕೇಳಬೇಕಾಗಿಲ್ಲ. ಆದರೆ 31ನೇ ಸೆಕ್ಷನ್ ಬೇರೆ ಮಾತು ಹೇಳುತ್ತದೆ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಮೊದಲೇ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯ ಹೊಗುವಂತಿಲ್ಲ. ರಸ್ತೆಯಲ್ಲಿ ಹೋಗುವವನಿಗೆ ವಿನಾಯಿತಿ ಎಂದು ಆ ಸೆಕ್ಷನ್ನಿನಲ್ಲಿ ಬರೆದಿಲ್ಲ. ಜಿಲ್ಲಾಧಿಕಾರಿ ಕೊಟ್ಟ ಲೈಸೆನ್ಸ್ ಪುಸ್ತಕ ಪೊಲೀಸರಿಗೆ ಉತ್ತರವಾದೀತು, ಅರಣ್ಯ ರಕ್ಷಕನ ಪ್ರಶ್ನೆಗೆ ಅದು ಉತ್ತರವಲ್ಲ. ಅವರಿಗೂ ಗಾಡಿ ತಡೆದು ಹುಡುಕುವ ಅಧಿಕಾರ ಇದೆ. ಆ ಕಾಯ್ದೆಯಲ್ಲಿ ಆಯುಧ ಎಂದರೆ ಕೋವಿ ಮಾತ್ರವೂ ಅಲ್ಲ. ಚೂರಿ, ಬಲೆ, ಉರುಳು, ವಿಷ, ಪ್ರಾಣಿಯನ್ನು ಗಾಯಗೊಳಿಸಬಲ್ಲ ಎಲ್ಲವೂ ಸೇರುತ್ತದೆ. ಲೈಸೆನ್ಸ್ ಬೇಡ ಎಂದು ಅನೇಕರು ಮಂಗನಿಗಾಗಿ ಇಟ್ಟುಕೊಂಡಿರುವ ಸಣ್ಣ ಏರ್‌ಗನ್ ಕೂಡ.

ಆದ್ದರಿಂದ ನಿಮ್ಮ ಪಯಣಕ್ಕೆ ಎರಡು ದಾರಿ ಇದ್ದರೆ ಅಭಯಾರಣ್ಯದ ಗಡಿ ಮುಟ್ಟದ ದಾರಿ ಹಿಡಿಯಿರಿ, ಸುತ್ತಾದರೂ ಪರವಾಗಿಲ್ಲ. ಮನೆಯೇ ಗಡಿಯ ಒಳಗೋ ಅಂಚಿನಲ್ಲೋ ಇದ್ದರೆ ಸಿದ್ದಾಪುರದ ವನ್ಯಜೀವಿ ವಲಯ ಕಚೇರಿಯಲ್ಲಿ ಕೇಳಿ, ಲಿಖಿತ ಅನುಮತಿ ಪಡೆದೇ ಹೊರಡಿ. ಸೂರ್ಯ ಮುಳುಗುವ ಮೊದಲೇ ಊರು ಸೇರಿ. ರಾತ್ರಿ, ಕಾಡಿನ ರಸ್ತೆ, ತಲೆಗೆ ಕಟ್ಟುವ ಟಾರ್ಚ್, ಜೊತೆಗೆ ಇಬ್ಬರು ಸ್ನೇಹಿತರು, ಡಿಕ್ಕಿಯಲ್ಲಿ ಕೋವಿ: ಇಷ್ಟಿದ್ದರೆ ರಿಪೇರಿಯ ಕಥೆಯನ್ನು ಯಾರೂ ನಂಬುವುದಿಲ್ಲ. ಬೇಟೆಗೆ ಬಳಸಿದ್ದು ಎಂದು ಜಪ್ತಿಯಾದ ಆಯುಧ, ವಾಹನ ಸರಕಾರದ ಸ್ವತ್ತಾಗುತ್ತದೆ. ಸಾಲದಲ್ಲಿ ತೆಗೆದ ಕಾರು ಹಾಗೆ ಹೋದರೆ ಕಂತು ಮಾತ್ರ ನಿಲ್ಲುವುದಿಲ್ಲ. ಇದರ ಜೊತೆಗೆ ಇನ್ನೊಂದು ವಿಚಾರ ನೆನಪಿರಲಿ. ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ ಎಂದರೆ ಪ್ರಾಣಿ ಕೊಲ್ಲಲು ಅನುಮತಿ ಇದೆ ಎಂದಲ್ಲ. ನಮ್ಮ ತೋಟದ ಸಾದಾ ಮಂಗ 2022ರ ತಿದ್ದುಪಡಿಯ ನಂತರ ಹುಲಿಯ ಜೊತೆ ಮೊದಲ ಪರಿಶಿಷ್ಟದಲ್ಲಿ ಕೂತಿದೆ. ಎಳನೀರು ಕಚ್ಚಿ ಎಸೆಯುವ ಮಂಗನಿಗೆ ಈ ಗೌರವ ಸಿಕ್ಕಿದ್ದು ಸರಿಯೋ ತಪ್ಪೋ, ರೈತರ ಸಿಟ್ಟು ನ್ಯಾಯವೇ ಎಂದು ನನಗೆ ಅನಿಸುತ್ತದೆ. ಆದರೆ ಆ ಸಿಟ್ಟು ನಾಕಾದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಊಟ, ಚಾ, ನೆಂಟರ ಮನೆ ಎಂದು ದಾರಿಯಲ್ಲಿ ಇಳಿಯಬೇಡಿ. ಕೋವಿ ಕಾರಿನಲ್ಲಿ ಬಿಟ್ಟು ನೀವು ಹೋಟೆಲಿನಲ್ಲಿ ಕೂತರೆ ಹತೋಟಿ ತಪ್ಪಿದ ಹಾಗೆ. ಲೈಸೆನ್ಸಿನ ಷರತ್ತುಗಳಲ್ಲಿ ಇನ್ನೊಂದು ಮಾತಿದೆ: ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆ ಕಾಲೇಜಿನ ಆವರಣಕ್ಕೆ ಆಯುಧ ಒಯ್ಯುವಂತಿಲ್ಲ. ನವೀಕರಣಕ್ಕೆಂದು ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಬರುವಾಗ ಮಂದಾರ್ತಿ ಜಾತ್ರೆಗೆ ಒಂದು ಗಳಿಗೆ, ಕೋಟೇಶ್ವರದ ಕೊಡಿ ಹಬ್ಬಕ್ಕೆ ಒಂದು ಸುತ್ತು ಎಂದು ಗಾಡಿ ತಿರುಗಿಸಿದರೆ ಷರತ್ತು ಮುರಿದಂತೆಯೇ. ಶಿಕ್ಷೆ ದೊಡ್ಡದಲ್ಲ, 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ನವೀಕರಣದ ಹೊತ್ತಿಗೆ ಆ ಒಂದು ಕೇಸು ಸಾಕು. ಅಂದ ಹಾಗೆ, ರಾತ್ರಿ ಆಟ ಮುಗಿಸಿ ಬರುವ ಯಕ್ಷಗಾನದವರ ಕತ್ತಿ, ಬಿಲ್ಲು, ಗದೆಗೆ ಶಸ್ತ್ರಾಸ್ತ್ರ ಕಾಯ್ದೆಯ ಗೊಡವೆ ಇಲ್ಲ. ಆಟಿಕೆಯಾಗಿ ಅಲ್ಲದೆ ಬೇರೆ ಬಳಕೆಗೆ ಬಾರದ ವಸ್ತುಗಳನ್ನು ಕಾಯ್ದೆಯೇ ಹೊರಗಿಟ್ಟಿದೆ. ಮನೆ, ಕೃಷಿ ಕೆಲಸಕ್ಕಷ್ಟೇ ಇರುವ ಸಲಕರಣೆಗಳನ್ನೂ.

ಚುನಾವಣೆಯ ಕಾಲದಲ್ಲಿ ಮಾತ್ರ ಮೇಲಿನ ಕಾಗದಗಳೆಲ್ಲ ಸಾಲದಾಗಬಹುದು. ಜಿಲ್ಲಾಧಿಕಾರಿ ಕೋವಿ ಠೇವಣಿ ಇಡಬೇಕೆಂದು ಆದೇಶ ಮಾಡಿದ ಮೇಲೆ ಲೈಸೆನ್ಸ್ ಇದೆ ಎನ್ನುವುದು ಉತ್ತರವಲ್ಲ. ಆಗ ಕೋವಿ ರಸ್ತೆಯಲ್ಲಿ ಇರಬಹುದಾದ್ದು ಠಾಣೆಗೆ ಹೋಗುವಾಗ ಮತ್ತು ಅಲ್ಲಿಂದ ಮರಳುವಾಗ. ಠಾಣೆಯ ರಸೀದಿ ಜೋಪಾನ. ನಮ್ಮ ಕುಂದಾಪುರ, ಬೈಂದೂರು ಕಡೆಗೆ ಇದರಲ್ಲೊಂದು ವಿಚಿತ್ರವೂ ಇದೆ. 2024ರ ಲೋಕಸಭಾ ಚುನಾವಣೆಯಲ್ಲಿ ಕುಂದಾಪುರ ವಿಧಾನಸಭಾ ಕ್ಷೇತ್ರದವರು ಉಡುಪಿ-ಚಿಕ್ಕಮಗಳೂರಿಗೆ ಸೇರಿ ಏಪ್ರಿಲ್ 26ರಂದು ಮತ ಹಾಕಿದರು, ಬೈಂದೂರಿನವರು ಶಿವಮೊಗ್ಗಕ್ಕೆ ಸೇರಿ ಮೇ 7ರಂದು. ನಮ್ಮ ಮತದಾನ ಮುಗಿಯಿತು, ಕೋವಿ ತರೋಣ ಎಂದು ಯಾರೂ ಹೊರಡುವಂತಿರಲಿಲ್ಲ, ನೀತಿಸಂಹಿತೆ ಜೂನ್ 4ರ ಫಲಿತಾಂಶ ದಾಟುವವರೆಗೂ ಇತ್ತು. ಮಂಗಗಳಿಗೆ ನೀತಿಸಂಹಿತೆ ಇಲ್ಲವಾದ್ದರಿಂದ ರೈತರು ವಿನಾಯಿತಿ ಕೇಳುತ್ತಲೇ ಬಂದಿದ್ದಾರೆ. ಅದಕ್ಕೆ ಪರಿಶೀಲನಾ ಸಮಿತಿ ಎಂಬುದೊಂದಿದೆ, ಆದೇಶ ಹೊರಬಿದ್ದ ಕೂಡಲೇ ಅಲ್ಲಿಗೆ ಅರ್ಜಿ ಕೊಡಬೇಕು.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ, ನಮಗೇಕೆ ಇಷ್ಟೆಲ್ಲ ಎಂದು ನೀವು ಕೇಳಿಲ್ಲ, ಆದರೆ ಈ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿ ಕೊಡವ ಜನಾಂಗಕ್ಕೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ನಮ್ಮ ಜಿಲ್ಲೆಗೆ ಅದು ಯಾವ ರೀತಿಯಲ್ಲೂ ಅನ್ವಯಿಸುವುದಿಲ್ಲ.

ಕೊನೆಗೆ ಒಂದು ಸಲಹೆ. ಪ್ರತಿ ಬಾರಿ ಅಧಿಕಾರ ಪತ್ರ ಬರೆಸುವ ಬದಲು ಕೋವಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದೋ ನೋಡಿ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಅವರು 25 ವರ್ಷ ಆ ಕೋವಿ ಇಟ್ಟುಕೊಂಡಿದ್ದರೆ, ಅವರು ಇರುವಾಗಲೇ ವಾರಸುದಾರರು ಅರ್ಜಿ ಹಾಕಲು 2016ರ ನಿಯಮಗಳು ಅವಕಾಶ ಕೊಟ್ಟಿವೆ. ಅಪ್ಪಯ್ಯನಿಗೆ 74 ಆಗಿದೆ. ಹಿರಿಯರು ತೀರಿಕೊಂಡ ಮೇಲೆ ಕೋವಿ ಅಟ್ಟದಲ್ಲಿ ಹಾಗೆಯೇ ಉಳಿದು, ವರ್ಷಗಳ ನಂತರ ಮಕ್ಕಳ ಮೇಲೆ ಕೇಸಾಗುವುದಕ್ಕಿಂತ ಇದು ಎಷ್ಟೋ ಮೇಲು. ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಅವರ ಒಪ್ಪಿಗೆ ಪತ್ರ ಮೊದಲೇ ತೆಗೆದುಕೊಳ್ಳಿ. ಲೈಸೆನ್ಸ್ ಈಗ 5 ವರ್ಷಕ್ಕೆ ಸಿಗುತ್ತದೆ, ಹಿಂದೆ 3 ಇತ್ತು. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಹೋಗುವ ಮೊದಲು ನಿಮ್ಮ ಮನೆ ಅಭಯಾರಣ್ಯದ ಗಡಿಯಿಂದ 10 ಕಿಲೋಮೀಟರ್ ಒಳಗೆ ಬರುತ್ತದೋ ಎಂದು ವಲಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಬರುತ್ತದೆ ಎಂದಾದರೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಅಪ್ಪಯ್ಯನ ಲೈಸೆನ್ಸಿನ ಅವಧಿ ಮುಗಿಯಲು ಬಿಡದೆ ಅದರ ನವೀಕರಣದ ಅರ್ಜಿಯನ್ನು ಮೊದಲು ಹಾಕಿ, ನಿಮ್ಮದನ್ನು ಆಮೇಲೆ.